ತೋಟ ಅಡವಿಟ್ಟು ಇಂಜಿನಿಯರಿಂಗ್ ಓದಿಸಬೇಕಾ?

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಅದರಲ್ಲೇ ಸ್ವಲ್ಪ ಕಾಳುಮೆಣಸು. ಒಳ್ಳೆಯ ವರ್ಷ ತೋಟದ ಖರ್ಚು ಕಳೆದು 5 ಲಕ್ಷ ಸಿಗುತ್ತದೆ. ಕಳೆದ ವರ್ಷ ಕೊಳೆರೋಗ ಬಂದು 2.8 ಲಕ್ಷಕ್ಕೆ ಇಳಿಯಿತು. ಮನೆಖರ್ಚಿಗೆ ವರ್ಷಕ್ಕೆ 2 ಲಕ್ಷ ಬೇಕೇ ಬೇಕು. 3 ಲಕ್ಷದ ಎಫ್‌ಡಿ ಇದೆ, ಸ್ವಲ್ಪ ಬಂಗಾರ ಇದೆ. ಮಗಳು ಸೆಕೆಂಡ್ ಪಿಯು ಸೈನ್ಸ್. ಹತ್ತನೇ ಕ್ಲಾಸಿನ ತನಕ ಊರಿನ ಕನ್ನಡ ಶಾಲೆಯಲ್ಲೇ ಓದಿದವಳು. ಬೆಂಗಳೂರಲ್ಲಿ ಕಂಪ್ಯೂಟರ್ ಸೈನ್ಸ್ ಮಾಡಬೇಕು ಅನ್ನೋದು ಅವಳ ಆಸೆ. ಮಗ ಒಂಬತ್ತನೇ ಕ್ಲಾಸು. ‘ತೋಟ ಅಡ ಇಟ್ಟು ಸಾಲ ಮಾಡಿ, ಕೆಲಸ ಸಿಕ್ಕಿದ ಮೇಲೆ ಎರಡು ವರ್ಷದಲ್ಲಿ ತೀರುತ್ತೆ’ ಅಂತ ನೆಂಟರು ಹೇಳುತ್ತಾರೆ. ಯಜಮಾನರಿಗೆ ಧೈರ್ಯ ಸಾಲುತ್ತಿಲ್ಲ. ನಿಜವಾಗಿ ಎಷ್ಟು ದುಡ್ಡು ಬೇಕಾಗುತ್ತದೆ? ಹೇಗೆ ಹೊಂದಿಸೋದು?

ಉತ್ತರ: ತಂಗೀ, ಮೊದಲು ಒಂದು ಮಾತು. ತೋಟ ಅಡ ಇಡಬೇಡಿ. ಯಜಮಾನರ ಅಂಜಿಕೆ ಸರಿಯಾಗಿಯೇ ಇದೆ. ಮಗಳನ್ನು ಓದಿಸೋದಕ್ಕೆ ನಿಮ್ಮ ಹತ್ತಿರ ದಾರಿ ಇದೆ, ಆದರೆ ಅದು ನೆಂಟರು ತೋರಿಸಿದ ದಾರಿ ಅಲ್ಲ.

ನಾನು ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಟೇಬಲ್ಲಿನಲ್ಲಿ ಕೂತಿದ್ದಾಗ ಎದುರಿಗೆ ಬಂದ ಹೆಚ್ಚಿನ ಅಪ್ಪ-ಅಮ್ಮಂದಿರ ಕೈಯಲ್ಲಿ ಒಂದೇ ಅಂಕಿ ಇರುತ್ತಿತ್ತು: ಮೊದಲನೇ ವರ್ಷದ ಫೀಸು. ಅದನ್ನು ಹೇಗೋ ಹೊಂದಿಸಿ ಸೇರಿಸಿಬಿಡುತ್ತಿದ್ದರು. ಕಷ್ಟ ಶುರುವಾಗುತ್ತಿದ್ದದ್ದು ಎರಡನೇ ವರ್ಷದ ಜುಲೈನಲ್ಲಿ. ಆದ್ದರಿಂದ ನೀವು ನಾಲ್ಕು ವರ್ಷದ ಒಟ್ಟು ಖರ್ಚಿನಿಂದಲೇ ಲೆಕ್ಕ ಶುರು ಮಾಡಿ. ಫೀಸು ಅದರಲ್ಲಿ ಒಂದು ಭಾಗ ಮಾತ್ರ. ಊಟ, ಉಳಿಯೋ ಜಾಗ, ಲ್ಯಾಪ್‌ಟಾಪ್, ಪುಸ್ತಕ, ಪರೀಕ್ಷಾ ಶುಲ್ಕ, ಹಬ್ಬಕ್ಕೆ ಊರಿಗೆ ಬಂದುಹೋಗೋದು, ಜ್ವರ ಬಂದರೆ ಡಾಕ್ಟರು, ಎಲ್ಲವೂ ಸೇರಬೇಕು. ಜೊತೆಗೆ ಪ್ರತಿ ವರ್ಷ ಖರ್ಚು ಏರುತ್ತದೆ. ವರ್ಷಕ್ಕೆ ನೂರಕ್ಕೆ 8ರಷ್ಟು ಏರಿಕೆ ಅಂತ ಹಿಡಿದರೆ, ಮೊದಲ ವರ್ಷ 1 ಲಕ್ಷ ಆಗುವ ಖರ್ಚು ನಾಲ್ಕು ವರ್ಷಕ್ಕೆ ಒಟ್ಟು 4.5 ಲಕ್ಷ ಆಗುತ್ತದೆ. ಈ ನಾಲ್ಕೂವರೆಯನ್ನು ನೆನಪಿಟ್ಟುಕೊಳ್ಳಿ. ಯಾವ ಕಾಲೇಜಿನ ಲೆಕ್ಕಕ್ಕೂ ಬೇಕಾಗುತ್ತದೆ.

ಈಗ ನಿಮ್ಮ ಮಗಳ ಮುಂದೆ ಇರುವ ಬಾಗಿಲುಗಳನ್ನು ನೋಡೋಣ. ನಾನು ಬಳಸುವುದು ಅಂದಾಜು ಅಂಕಿ. ಶುಲ್ಕ ಪ್ರತಿ ವರ್ಷ ಬದಲಾಗುತ್ತದೆ, ಸಿಇಟಿ ನಡೆಸುವ ಕೆಇಎಯ ಆ ವರ್ಷದ ಪಟ್ಟಿ ಬಂದ ತಕ್ಷಣ ನನ್ನ ಅಂಕಿ ಅಳಿಸಿ ಅದನ್ನು ಬರೆಯಿರಿ.

ಕಾರವಾರದ ಮಾಜಾಳಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಘಟ್ಟದ ಮೇಲೆ ನಿಮಗೆ ಹಾವೇರಿಯ ಸರ್ಕಾರಿ ಕಾಲೇಜು ಇನ್ನೂ ಹತ್ತಿರ. ಇಂಥ ಕಡೆ ಸಿಇಟಿ ಸೀಟಿಗೆ ವರ್ಷದ ಶುಲ್ಕ 50 ಸಾವಿರದ ಒಳಗೆ ಮುಗಿಯುತ್ತದೆ. ಹಾಸ್ಟೆಲ್ಲು, ಮೆಸ್ಸು, ಮೇಲುಖರ್ಚು ಸೇರಿಸಿ ವರ್ಷಕ್ಕೆ 1.3 ಲಕ್ಷ ಅಂತ ಇಟ್ಟುಕೊಳ್ಳಿ. ನಾಲ್ಕೂವರೆಯಿಂದ ಗುಣಿಸಿ, ಶುರುವಿನ ಲ್ಯಾಪ್‌ಟಾಪು, ಹಾಸಿಗೆ, ಅಡ್ವಾನ್ಸು ಅಂತ 70 ಸಾವಿರ ಸೇರಿಸಿದರೆ ಒಟ್ಟು ಆರೂವರೆ ಲಕ್ಷ.

ಹುಬ್ಬಳ್ಳಿ, ಬೆಳಗಾವಿ ಕಡೆಯ ಖಾಸಗಿ ಕಾಲೇಜಿನಲ್ಲಿ ಸಿಇಟಿ ಸೀಟು ಸಿಕ್ಕರೆ ಶುಲ್ಕವೇ ಒಂದು ಲಕ್ಷದ ಆಸುಪಾಸು. ಪಿಜಿ, ಊಟ ಸೇರಿಸಿ ವರ್ಷಕ್ಕೆ 2 ಲಕ್ಷ ದಾಟುತ್ತದೆ. ಒಟ್ಟು ಹತ್ತು ಲಕ್ಷ. ಅದೇ ಸಿಇಟಿ ಸೀಟು ಬೆಂಗಳೂರಿನಲ್ಲಾದರೆ ಪಿಜಿ ಬಾಡಿಗೆ, ಓಡಾಟ ಎರಡೂ ಜಾಸ್ತಿ. ವರ್ಷಕ್ಕೆ ಎರಡೂವರೆ ಲಕ್ಷ, ಒಟ್ಟು ಹನ್ನೆರಡು. ಖಾಸಗಿ ಕಾಲೇಜುಗಳೇ ಸೇರಿ ನಡೆಸುವ ಕಾಮೆಡ್‌ಕೆ ಪರೀಕ್ಷೆಯ ಸೀಟಿಗೆ ಹೋದರೆ ಶುಲ್ಕವೇ ಎರಡರಿಂದ ಮೂರು ಲಕ್ಷ. ಬೆಂಗಳೂರಿನ ಖರ್ಚೂ ಸೇರಿ ನಾಲ್ಕು ವರ್ಷಕ್ಕೆ ಹತ್ತೊಂಬತ್ತು ಲಕ್ಷದ ಹತ್ತಿರ ಬರುತ್ತದೆ. ಮ್ಯಾನೇಜ್‌ಮೆಂಟ್ ಸೀಟಿನ ಲೆಕ್ಕವನ್ನು ನಾನು ಹಾಕುವುದಿಲ್ಲ. ನಿಮ್ಮ ಮನೆಗೆ ಅದು ಬೇಡ.

ಇನ್ನೊಂದು ಕಡೆ, ನಿಮ್ಮಿಂದ ಎಷ್ಟಾಗುತ್ತದೆ? ಇಲ್ಲಿ ಒಳ್ಳೆಯ ವರ್ಷದ 5 ಲಕ್ಷವನ್ನು ಮರೆತುಬಿಡಿ. ಕೊಳೆ ಬಂದ ವರ್ಷದ 2.8 ಲಕ್ಷದಿಂದ ಲೆಕ್ಕ ಹಾಕಿ. ಕೊಳೆ, ಎಲೆಚುಕ್ಕಿ, ದರ ಬಿದ್ದದ್ದು, ನಾಲ್ಕು ವರ್ಷದಲ್ಲಿ ಇವುಗಳಲ್ಲಿ ಒಂದಾದರೂ ಬಂದೇ ಬರುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮನೆಖರ್ಚು ಕಳೆದರೆ ವರ್ಷಕ್ಕೆ 80 ಸಾವಿರ, ನಾಲ್ಕು ವರ್ಷಕ್ಕೆ 3.2 ಲಕ್ಷ. ಎಫ್‌ಡಿಯಲ್ಲಿ 2 ಲಕ್ಷ ತೆಗೆಯಬಹುದು. ಉಳಿದ 1 ಲಕ್ಷ ಆಸ್ಪತ್ರೆಗೆ ಅಂತ ಇರಲಿ, ಅದನ್ನು ಮುಟ್ಟಬೇಡಿ. ಶಿಕ್ಷಣ ಸಾಲ 4 ಲಕ್ಷ. ಎಲ್ಲ ಸೇರಿ 9.2 ಲಕ್ಷ ಆಯಿತು. ಮಧ್ಯೆ ಒಂದೆರಡು ಒಳ್ಳೆಯ ವರ್ಷ ಬಂದರೆ ಆ ಹೆಚ್ಚಿನ ಹಣ ಮಗನ ಹೆಸರಿಗೆ ಹೋಗಲಿ.

ಅಂದರೆ ಕಾರವಾರ, ಹಾವೇರಿ ಆರಾಮಾಗಿ ಆಗುತ್ತದೆ. ಹುಬ್ಬಳ್ಳಿ ಸ್ವಲ್ಪ ಬಿಗಿ. ಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ಬಂದು, ಮುಂದೆ ಹೇಳುವ ರಿಯಾಯಿತಿಗಳಲ್ಲಿ ಒಂದಾದರೂ ಸಿಕ್ಕರೆ ಮಾತ್ರ ಬೆಂಗಳೂರು. ಕಾಮೆಡ್‌ಕೆ ನಿಮ್ಮ ಅಳವಿಗೆ ಮೀರಿದ್ದು. ಇದು ಮಗಳ ಬುದ್ಧಿವಂತಿಕೆಯ ಬಗ್ಗೆ ತೀರ್ಪಲ್ಲ, ಬರೀ ಲೆಕ್ಕ.

ನೆಂಟರು ಹೇಳಿದ ‘ಎರಡು ವರ್ಷದಲ್ಲಿ ತೀರುತ್ತೆ’ ಅನ್ನುವ ಮಾತನ್ನೂ ಲೆಕ್ಕಕ್ಕೆ ಹಚ್ಚಿ ನೋಡಿ. ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ಸಾಲ ತೆಗೆದಿರಿ, ಬಡ್ಡಿ ಶೇಕಡಾ 10 ಅಂತ ಇಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಆ ಹೊತ್ತಿಗೆ 1.4 ಲಕ್ಷ ಬಡ್ಡಿ ಸೇರಿ ಸಾಲ 5.4 ಲಕ್ಷ ಆಗಿರುತ್ತದೆ. ಎರಡು ವರ್ಷದಲ್ಲಿ ತೀರಿಸಬೇಕು ಅಂದರೆ ತಿಂಗಳಿಗೆ ಸುಮಾರು 25 ಸಾವಿರ ಕಂತು. ಬೆಂಗಳೂರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಅಷ್ಟೇ ಸಂಬಳ ಇದ್ದರೆ ಅವಳು ತಿನ್ನೋದು ಏನನ್ನು? ಹತ್ತು ವರ್ಷಕ್ಕೆ ಹಂಚಿದರೆ ಕಂತು 7,100 ರೂಪಾಯಿಯ ಹತ್ತಿರ. ಇದನ್ನು ಕಟ್ಟಬಹುದು. ಸಾಲ 10 ಲಕ್ಷ ಆದರೆ ಹತ್ತು ವರ್ಷಕ್ಕೆ ಹಂಚಿದರೂ ತಿಂಗಳಿಗೆ 17,800. ಮೊದಲ ಕೆಲಸ ಸಿಗೋದು ಆರು ತಿಂಗಳು ತಡವಾದರೆ ಆ ಕಂತು ಬರೋದು ನಿಮ್ಮ ಅಡಿಕೆಯ ಮೇಲೆ. ಮೊದಲ ಸಂಬಳದ ಮೂರನೇ ಒಂದು ಭಾಗ ಮೀರುವ ಕಂತಿನ ಸಾಲವನ್ನು ಮಗುವಿನ ತಲೆಗೆ ಕಟ್ಟಬಾರದು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಬ್ಯಾಂಕಿನ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷದ ತನಕ ಜಾಮೀನು, ಅಡಮಾನ ಏನೂ ಬೇಡ. ಅಪ್ಪ ಅಥವಾ ಅಮ್ಮ ಸಹ-ಸಾಲಗಾರರಾಗಿ ಸಹಿ ಹಾಕಿದರೆ ಸಾಕು. 4ರಿಂದ 7.5 ಲಕ್ಷದ ತನಕ ಇನ್ನೊಬ್ಬರ ಜಾಮೀನು ಕೇಳುತ್ತಾರೆ. ಅದರ ಮೇಲೆ ಹೋದರೆ ಆಸ್ತಿ ಕೇಳುತ್ತಾರೆ. ತೋಟ ಅಡ ಇಡುವ ಮಾತು ಹುಟ್ಟೋದೇ ಅಲ್ಲಿ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರ ಪಟ್ಟಿಯಲ್ಲಿರುವ ಕಾಲೇಜಾದರೆ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಮನೆಯ ಆದಾಯ 8 ಲಕ್ಷದ ಒಳಗಿದ್ದರೆ, 10 ಲಕ್ಷದ ತನಕದ ಸಾಲಕ್ಕೆ ಶೇಕಡಾ 3 ಬಡ್ಡಿ ರಿಯಾಯಿತಿಯೂ ಇದೆ. ಕಾಲೇಜು ಆ ಪಟ್ಟಿಯಲ್ಲಿದೆಯಾ ಅಂತ ಸೀಟು ಆರಿಸುವ ಮುಂಚೆಯೇ ನೋಡಿ.

ನಿಮಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ಮನೆಯ ವಾರ್ಷಿಕ ಆದಾಯ 4.5 ಲಕ್ಷದ ಒಳಗಿದ್ದರೆ, ಗುಣಮಟ್ಟ ನೋಡಿ ಕೊಡುವ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇರುವ ಕಾಲೇಜಿನಲ್ಲಿ ವೃತ್ತಿಪರ ಕೋರ್ಸ್ ಓದುವ ಮಕ್ಕಳ ಸಾಲಕ್ಕೆ ಓದುವ ಅವಧಿ ಮತ್ತು ಮುಂದಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುತ್ತದೆ. ಆಗ ಆ 1.4 ಲಕ್ಷ ಸೇರುವುದೇ ಇಲ್ಲ. 4 ಲಕ್ಷ ಸಾಲ 4 ಲಕ್ಷವಾಗಿಯೇ ಉಳಿಯುತ್ತದೆ, ಕಂತು 5,300ಕ್ಕೆ ಇಳಿಯುತ್ತದೆ. ಇದು ತಾನಾಗಿಯೇ ಸಿಗೋದಿಲ್ಲ. ಸಾಲದ ಅರ್ಜಿ ಕೊಡುವ ದಿನವೇ ‘ಬಡ್ಡಿ ಸಬ್ಸಿಡಿ ಬೇಕು’ ಅಂತ ಬಾಯಿಬಿಟ್ಟು ಕೇಳಿ, ಆದಾಯ ಪ್ರಮಾಣಪತ್ರ ಕೊಡಿ.

ಇನ್ನು ಮಳೆಗಾಲದ ವಿಷಯ. ನಮ್ಮ ಜಿಲ್ಲೆಯಲ್ಲಿ ಕಾಲೇಜಿನ ಲೆಕ್ಕ ತಪ್ಪುವುದು ಬಹಳ ಸಲ ಇಲ್ಲೇ.

ನಿಮ್ಮ ಕೈಗೆ ದುಡ್ಡು ಬರೋದು ಯಾವಾಗ? ಕೊನೆಕೊಯ್ಲು ಮುಗಿದು, ರಾಶಿ ಅಡಿಕೆ ಬೇಯಿಸಿ ಒಣಗಿಸಿ, ಸೊಸೈಟಿಗೆ ಹಾಕಿ ಟೆಂಡರ್ ಆದ ಮೇಲೆ. ಜನವರಿಯಿಂದ ಏಪ್ರಿಲ್ ಒಳಗೆ. ಕಾಲೇಜು ಫೀಸು ಕೇಳೋದು ಯಾವಾಗ? ಜೂನ್ ಕಳೆದ ಮೇಲೆ. ಆಗ ತೋಟಕ್ಕೆ ಕೊಳೆ ಔಷಧಿ ಹೊಡೆಸಬೇಕು, ಮಳೆ ತಾಗದ ಹಾಗೆ ಕೊನೆಗೆ ಕೊಟ್ಟೆ ಕಟ್ಟಿಸಬೇಕು. ಮೈಲುತುತ್ತದ ದುಡ್ಡು, ಮರ ಹತ್ತುವವರ ಕೂಲಿ ಎಲ್ಲ ಅದೇ ತಿಂಗಳು. ವರ್ಷದ ಲೆಕ್ಕದಲ್ಲಿ ಹಣ ಇದ್ದರೂ ಜುಲೈನಲ್ಲಿ ಕೈ ಖಾಲಿ. ಆಗ ಸೊಸೈಟಿ ಸದಸ್ಯರಿಗೆ ಕೊಡುವ ಆಸಾಮಿ ಸಾಲ ಇಲ್ಲವೇ ಬೆಳೆಸಾಲದಿಂದ ಫೀಸು ತುಂಬಿಬಿಡುತ್ತಾರೆ. ಬೆಳೆಸಾಲದ ಬಡ್ಡಿ ರಿಯಾಯಿತಿ ಉಳಿಯೋದು ಅವಧಿಯೊಳಗೆ ಕಟ್ಟಿದರೆ ಮಾತ್ರ. ಅದನ್ನು ತಿರುವಿ ಹಾಕೋದಕ್ಕೆ ಕೈಸಾಲ, ಆ ಕೈಸಾಲಕ್ಕೆ ಮುಂದಿನ ವರ್ಷದ ಅಡಿಕೆ. ತೋಟ ಕೈಬಿಟ್ಟು ಹೋಗೋದು ಹೀಗೆ, ಸದ್ದಿಲ್ಲದೆ.

ಕೆಳಗೆ ಕರಾವಳಿಯಲ್ಲೂ ಇದೇ ಕತೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಅಂಕೋಲಾ ಕಡೆಯ ಒಂದು ಮನೆ ನನಗೆ ಚೆನ್ನಾಗಿ ಗೊತ್ತು. ಅಪ್ಪ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು. ಮಗನ ಡಿಪ್ಲೊಮಾ ಫೀಸಿನ ಕೊನೇ ದಿನ ಪ್ರತಿ ವರ್ಷ ಬೋಟು ದಡದಲ್ಲಿರುವಾಗಲೇ ಬರುತ್ತಿತ್ತು. ಮೊದಲ ವರ್ಷ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ಕೈಸಾಲ ಮಾಡಿದರು. ಎರಡನೇ ವರ್ಷ ಅವರ ಹೆಂಡತಿ ಸೆಪ್ಟೆಂಬರ್‌ನಲ್ಲಿ ಬ್ಯಾಂಕಿಗೆ ಬಂದು ಒಂಬತ್ತು ತಿಂಗಳ ಆರ್‌ಡಿ (ಕಂತಿನಲ್ಲಿ ಕಟ್ಟುವ ಠೇವಣಿ) ತೆರೆದರು. ಮೀನಿನ ಪಾಲು ಬಂದ ವಾರವೇ ಅದಕ್ಕೆ ಕಟ್ಟುತ್ತಿದ್ದರು. ಜೂನ್‌ನಲ್ಲಿ ಆರ್‌ಡಿ ಮುಗಿಯುತ್ತಿತ್ತು, ಅದೇ ದುಡ್ಡಲ್ಲಿ ಫೀಸು. ಆದಾಯ ಒಂದು ರೂಪಾಯಿ ಹೆಚ್ಚಾಗಿರಲಿಲ್ಲ. ಕೈಸಾಲ ಮಾತ್ರ ನಿಂತಿತು.

ನಿಮ್ಮದು ವರ್ಷಕ್ಕೊಮ್ಮೆ ಬರುವ ಹಣ, ಆದ್ದರಿಂದ ಆರ್‌ಡಿಗಿಂತ ಎಫ್‌ಡಿ ಸರಿ. ಈ ಸಲದ ರಾಶಿ ಮಾರಿದ ವಾರವೇ ಮುಂದಿನ ಮಳೆಗಾಲದ ಫೀಸನ್ನು ಬೇರೆ ತೆಗೆದು, ಜೂನ್ ಮೊದಲ ವಾರಕ್ಕೆ ಮುಗಿಯುವ ಹಾಗೆ ಎಫ್‌ಡಿ ಇಡಿ. ಈಗಿರುವ 3 ಲಕ್ಷದ ಎಫ್‌ಡಿ ಒಂದೇ ರಸೀದಿಯಲ್ಲಿದ್ದರೆ ಅದನ್ನು ಮುಂದಿನ ಸಲ ನವೀಕರಿಸುವಾಗ ಒಡೆಯಿರಿ. 50 ಸಾವಿರದ ನಾಲ್ಕು ಎಫ್‌ಡಿ, ಒಂದೊಂದೂ ಒಂದೊಂದು ವರ್ಷದ ಜೂನ್‌ಗೆ ಮುಗಿಯಲಿ. ಉಳಿದ 1 ಲಕ್ಷ ಬೇರೆ. ನಾಲ್ಕು ವರ್ಷದೊಳಗೆ ಬೇಕಾಗುವ ಈ ದುಡ್ಡನ್ನು ಶೇರು, ಮ್ಯೂಚುವಲ್ ಫಂಡ್ ಅಂತ ಕಳಿಸಬೇಡಿ. ಬೇಕಾದ ತಿಂಗಳಲ್ಲೇ ಮಾರ್ಕೆಟ್ ಬಿದ್ದಿದ್ದರೆ ಕಾಯೋದಕ್ಕೆ ಆಗೋದಿಲ್ಲ.

ಈಗ ರಿಯಾಯಿತಿಗಳು. ನಿಮ್ಮ ಮಗಳಿಗೆ ದೊಡ್ಡ ಅನುಕೂಲ ಒಂದಿದೆ, ನೀವೇ ಪತ್ರದಲ್ಲಿ ಬರೆದಿದ್ದೀರಿ: ಹಳ್ಳಿಯ ಕನ್ನಡ ಶಾಲೆ. ಒಂದರಿಂದ ಹತ್ತರ ತನಕ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲು. ಇದಕ್ಕೆ ಓದಿದ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಬೇಕು. ಒಂದರಿಂದ ಏಳು ಒಂದು ಶಾಲೆ, ಎಂಟರಿಂದ ಹತ್ತು ಇನ್ನೊಂದು ಶಾಲೆ ಆಗಿದ್ದರೆ ಎರಡೂ ಕಡೆಯಿಂದ ಬೇಕು. ಈ ಕೆಲಸ ಈ ತಿಂಗಳೇ ಮಾಡಿ. ಕೊನೇ ವಾರ ಬಿಇಒ ಕಚೇರಿ ಮುಂದೆ ಸಾಲು ನಿಂತಿರುತ್ತದೆ.

ಎಸ್‌ಎನ್‌ಕ್ಯೂ ಅಂತ ಇನ್ನೊಂದಿದೆ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇರುವ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇಕಡಾ 5 ಸೀಟು. ಮನೆಯ ಆದಾಯ 8 ಲಕ್ಷದ ಒಳಗಿದ್ದವರಿಗೆ, ರ‍್ಯಾಂಕ್ ಪ್ರಕಾರ. ಬೋಧನಾ ಶುಲ್ಕ ಪೂರ್ತಿ ಮಾಫಿ. ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಇಂಥ ಸೀಟು ಸಿಕ್ಕರೆ ನಿಮ್ಮ ಲೆಕ್ಕವೇ ಬದಲಾಗಿಬಿಡುತ್ತದೆ. ಸಿಇಟಿ ಅರ್ಜಿಯಲ್ಲಿ ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ (ಬ್ಯಾಂಕಿನ ಆರ್‌ಡಿ ಅಲ್ಲ) ಸರಿಯಾಗಿ ತುಂಬಿರಬೇಕು. ನಾಡಕಚೇರಿಯಿಂದ ತಂದ ಪತ್ರದ ಅವಧಿ ಮುಗಿದಿದೆಯಾ ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಮಗಳ ಹೆಸರು ಒಂದೇ ಥರ ಇದೆಯಾ ಅಂತಲೂ ನೋಡಿ. ಒಂದರಲ್ಲಿ ‘ಎಂ.’, ಇನ್ನೊಂದರಲ್ಲಿ ‘ಮಂಜುನಾಥ’ ಅಂತ ಅಪ್ಪನ ಹೆಸರು ಇದ್ದಷ್ಟಕ್ಕೇ ವಿದ್ಯಾರ್ಥಿವೇತನ ತಿಂಗಳುಗಟ್ಟಲೆ ನಿಂತುಹೋಗುತ್ತದೆ.

ವಿದ್ಯಾರ್ಥಿವೇತನಗಳಲ್ಲಿ ನಿಮ್ಮ ಮಗಳಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇಯ ‘ಪ್ರಗತಿ’. ತಾಂತ್ರಿಕ ಕೋರ್ಸಿಗೆ ಸೇರಿದ ಹುಡುಗಿಯರಿಗೆ ವರ್ಷಕ್ಕೆ 50 ಸಾವಿರ, ಆದಾಯದ ಮಿತಿ 8 ಲಕ್ಷ, ಆಯ್ಕೆ ಅಂಕದ ಮೇಲೆ. ಅದು ಸಿಗದಿದ್ದರೆ, ಪಿಯುಸಿಯಲ್ಲಿ ಒಳ್ಳೆ ಅಂಕ ಇರುವ, 4.5 ಲಕ್ಷದೊಳಗಿನ ಆದಾಯದ ಮನೆಯ ಮಕ್ಕಳಿಗೆ ಕೇಂದ್ರದ ಇನ್ನೊಂದು ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 12 ಸಾವಿರ. ಎರಡೂ ಒಟ್ಟಿಗೆ ಸಿಗೋದಿಲ್ಲ. 2021ರಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ ರೈತ ವಿದ್ಯಾನಿಧಿಯಲ್ಲಿ ಬಿಇ ಓದುವ ರೈತರ ಮಗಳಿಗೆ ವರ್ಷಕ್ಕೆ 11 ಸಾವಿರ ಅಂತ ನಿಗದಿ ಮಾಡಿದ್ದರು. ಅದಕ್ಕೆ ಯಜಮಾನರ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಬೇಕು. ಎಲ್ಲದಕ್ಕೂ ಅರ್ಜಿ ಹಾಕಿ, ಆದರೆ ಯಾವುದನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಡಿ. ಈ ಹಣ ಬರೋದು ನೀವು ಫೀಸು ತುಂಬಿ ಎಷ್ಟೋ ತಿಂಗಳಾದ ಮೇಲೆ. ಬಂದ ದಿನ ಅದನ್ನು ಮುಂದಿನ ವರ್ಷದ ಫೀಸಿನ ಎಫ್‌ಡಿಗೆ ಸೇರಿಸಿ.

ಓಡಾಟದ ಖರ್ಚು ಮಗಳಿಗೆ ಹೆಚ್ಚು ಆಗೋದಿಲ್ಲ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸು ಅವಳಿಗೆ ಉಚಿತ, ಕಾರವಾರವಾದರೂ ಹಾವೇರಿಯಾದರೂ.

ಮಗನ ವಿಷಯ ನೀವು ಒಂದೇ ಸಾಲಲ್ಲಿ ಬರೆದಿದ್ದೀರಿ. ನನಗೆ ಜಾಸ್ತಿ ಚಿಂತೆ ಆಗಿದ್ದು ಅಲ್ಲೇ. ಅವನು ಈಗ ಒಂಬತ್ತು. ಮಗಳು ಬಿಇ ಸೇರುವ ವರ್ಷ ಅವನು ಹತ್ತು, ಆಮೇಲೆ ಎರಡು ವರ್ಷ ಪಿಯು. ಮಗಳು ಕೊನೇ ವರ್ಷಕ್ಕೆ ಬಂದಾಗ ಅವನು ಕಾಲೇಜಿಗೆ ಸೇರುತ್ತಾನೆ. ಅಂದರೆ ಆ ಒಂದು ವರ್ಷ ಇಬ್ಬರ ಫೀಸೂ ಒಟ್ಟಿಗೆ, ಒಂದೇ ಜುಲೈಯಲ್ಲಿ. ಅದರ ಮುಂದಿನ ವರ್ಷ ಮಗಳಿಗೆ ಕೆಲಸ ಸಿಕ್ಕಿರಬಹುದು, ಸಿಗದೆಯೂ ಇರಬಹುದು. ಮಗಳಿಗಾಗಿ ತೋಟ ಅಡ ಇಟ್ಟಿದ್ದರೆ ಮಗನ ಸರದಿ ಬಂದಾಗ ನಿಮ್ಮ ಹತ್ತಿರ ಇಡೋದಕ್ಕೆ ಏನೂ ಇರೋದಿಲ್ಲ. ‘ಅಕ್ಕನಿಗೆ ಬೆಂಗಳೂರು, ನನಗೆ ಇಲ್ಲೇ’ ಅನ್ನೋ ಮಾತು ಮನೆಯಲ್ಲಿ ಹುಟ್ಟಿದರೆ ಅದು ಬೇಗ ಮಾಯುವುದಿಲ್ಲ. ಇಬ್ಬರಿಗೂ ಎಷ್ಟು ಕೊಡಬಲ್ಲಿರಿ ಅನ್ನೋದನ್ನು ಈಗಲೇ ಬರೆದಿಡಿ.

ಈ ಲೆಕ್ಕವನ್ನು ಮಗಳಿಗೆ ತೋರಿಸಿ. ಹದಿನೇಳು ವರ್ಷದ ಹುಡುಗಿಗೆ ಇದು ಅರ್ಥ ಆಗುತ್ತದೆ. ಒಂದು ಭಾನುವಾರ ಮೂವರೂ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಕೊಳೆ ಬಂದ ವರ್ಷ ಎಷ್ಟು ಬಂತು, ಮನೆಗೆ ಎಷ್ಟು ಹೋಯಿತು, ಉಳಿದದ್ದೆಷ್ಟು. ಕಾಲೇಜುಗಳ ನಾಲ್ಕು ವರ್ಷದ ಖರ್ಚನ್ನು ಅವಳೇ ಹುಡುಕಿ ತುಂಬಲಿ. ‘ನಿನಗೋಸ್ಕರ ನಾವು ಎಷ್ಟು ಕಷ್ಟಪಡ್ತಿದೀವಿ ನೋಡು’ ಅನ್ನೋ ಧಾಟಿ ಬೇಡ. ‘ನಮ್ಮ ಹತ್ತಿರ ಒಂಬತ್ತು ಲಕ್ಷ ಇದೆ, ಇದರಲ್ಲಿ ನಿನಗೆ ಯಾವುದು ಒಳ್ಳೇದು ಅನ್ನಿಸುತ್ತೆ’ ಅಂತ ಕೇಳಿ. ಸಿಇಟಿಯಲ್ಲಿ ಕಾಲೇಜು ಆರಿಸಿ ಆಪ್ಷನ್ ಎಂಟ್ರಿ ಮಾಡುವಾಗ ಅವಳಿಗೆ ಮಿತಿ ಗೊತ್ತಿರುತ್ತದೆ. ಸೀಟು ಸಿಕ್ಕ ಮೇಲೆ ‘ಆಗಲ್ಲ’ ಅನ್ನೋದಕ್ಕಿಂತ ಈಗ ಹೇಳೋದು ಎಷ್ಟೋ ವಾಸಿ ಅಲ್ವಾ?

ಕಂಪ್ಯೂಟರ್ ಓದೋದಕ್ಕೆ ಬಿಇ ಒಂದೇ ದಾರಿಯೂ ಅಲ್ಲ. ಮನೆಯಿಂದಲೇ ಓಡಾಡಿಕೊಂಡು ಬಿಸಿಎ ಮುಗಿಸಿ, ಆಮೇಲೆ ಪಿಜಿಸಿಇಟಿ ಬರೆದು ಎಂಸಿಎಗೆ ಹೋದರೆ ದುಡ್ಡು ಬೇಕಾಗೋದು ಕೊನೆಯ ಎರಡು ವರ್ಷಕ್ಕೆ ಮಾತ್ರ. ರ‍್ಯಾಂಕ್ ಕೈಕೊಟ್ಟರೆ ಕಾಮೆಡ್‌ಕೆ ಕಡೆ ಓಡುವ ಬದಲು ಇದನ್ನು ನೋಡಿ. ಶಿರಸಿಯಲ್ಲೇ ಅರಣ್ಯ ಕಾಲೇಜಿದೆ, ಕೃಷಿ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾನೂ ಇದೆ. ಅವಳಿಗೆ ಮನಸ್ಸಿದ್ದರೆ ಮಾತ್ರ.

ಫೆಬ್ರವರಿ, ಮಾರ್ಚ್‌ನಲ್ಲಿ ‘ಸೀಟು ಬ್ಲಾಕ್ ಮಾಡಿ, ಆಮೇಲೆ ಸಿಗಲ್ಲ’ ಅಂತ ಫೋನುಗಳು ಬರುತ್ತವೆ. ಸಿಇಟಿ ಫಲಿತಾಂಶ ಬರುವ ತನಕ ಯಾರಿಗೂ ಒಂದು ರೂಪಾಯಿ ಕೊಡಬೇಡಿ, ಮೂಲ ಅಂಕಪಟ್ಟಿ ಅಂತೂ ಕೊಡಲೇಬೇಡಿ. ಡೊನೇಷನ್ ಹಣಕ್ಕೆ ಯಾವ ಬ್ಯಾಂಕೂ ಶಿಕ್ಷಣ ಸಾಲ ಕೊಡುವುದಿಲ್ಲ ಅನ್ನೋದೂ ನೆನಪಿರಲಿ.

ಕೊನೆಯದಾಗಿ ಬಂಗಾರ. ಅದನ್ನು ಮಾರಬೇಡಿ, ದೀರ್ಘ ಸಾಲಕ್ಕೂ ಇಡಬೇಡಿ. ಸಾಲ ಮಂಜೂರಾಗಿದೆ, ಆದರೆ ಬ್ಯಾಂಕಿನ ದುಡ್ಡು ಕಾಲೇಜಿಗೆ ಹೋಗೋದು ಎರಡು ವಾರ ತಡ, ಫೀಸಿನ ಕೊನೇ ದಿನ ನಾಳೆ. ಇಂಥ ಹೊತ್ತಿಗೆ ಮಾತ್ರ ಬ್ಯಾಂಕಿನಲ್ಲೇ ಬಂಗಾರ ಇಟ್ಟು ತೆಗೆಯಿರಿ. ಖಾಸಗಿ ಬಡ್ಡಿ ಅಂಗಡಿಗೆ ಹೋಗಬೇಡಿ. ಕಾಲೇಜಿಗೆ ಕಟ್ಟಿದ ಫೀಸಿನ ರಸೀದಿ ಜೋಪಾನವಾಗಿಡಿ. ಸಾಲದ ಹಣ ಬಿಡುಗಡೆ ಆಗುವಾಗ, ನೀವು ಮುಂಚೆ ಕಟ್ಟಿದ್ದನ್ನು ನಿಮ್ಮ ಖಾತೆಗೆ ಮರಳಿಸಬಹುದಾ ಅಂತ ಮ್ಯಾನೇಜರ್ ಹತ್ತಿರ ಮೊದಲೇ ಮಾತಾಡಿಕೊಂಡಿರಿ. ಬಿಡಿಸುವ ತಾರೀಕನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದಿಡಿ. ತಡ ಆದರೂ ಜನವರಿಯ ಮೊದಲ ಟೆಂಡರಿನ ದುಡ್ಡಲ್ಲಿ ಅದು ಮನೆಗೆ ವಾಪಸ್ ಬರಬೇಕು.